ನಂಬುವವನ ಸುಳ್ಳಾಣೆ

ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಸಾರ್ವಜನಿಕ ಸಂಗತಿ. ಹೀಗಿರುವಾಗ ನನ್ನ ಧರ್ಮಪತ್ನಿ ವಸುಧಾ ದೇವರನ್ನು ನಂಬುವುದಿಲ್ಲವೆಂಬ ವಿಷಯ ಮೂವತ್ತು ವರ್ಷ ನಮ್ಮ ಹೊಸಿಲು ದಾಟದೆ ಉಳಿದದ್ದನ್ನು ಪವಾಡವೆನ್ನಬೇಕು. ಪವಾಡವನ್ನು ನಂಬುವವನು ನಮ್ಮ ಮನೆಯಲ್ಲಿ ನಾನೊಬ್ಬನೇ. ಸಹಸ್ರನಾಮ ಮುಗಿಯದೆ ಕಾಫಿ ಮುಟ್ಟದ ನಾನೂ, ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಅವಳೂ ಒಂದೇ ಸೂರಿನಡಿ ಸುಖವಾಗಿಯೇ ಇದ್ದೆವು, ಅವಳು ಬಡಾವಣೆಯ ಸಂಘದ ಅಧ್ಯಕ್ಷಗಿರಿಗೆ ನಿಲ್ಲುವವರೆಗೆ.

ಉದ್ಯಾನದ ದೀಪ, ತುಂಬಿ ಹರಿಯುವ ಚರಂಡಿ ಎಂದು ಅವಳು ಸಭೆಯಲ್ಲಿ ವಿವರಿಸುತ್ತಿದ್ದಾಗ, ಎದುರಾಳಿಯಾಗಿದ್ದ ನಾಗರಾಜಯ್ಯನವರು ಎದ್ದು ವಿನಯದಿಂದಲೇ ಕೇಳಿದರು: "ಮೇಡಂ, ತಪ್ಪು ತಿಳ್ಕೋಬೇಡಿ. ಅಧ್ಯಕ್ಷರಾದೋರು ಗಣಪತಿ ಪೂಜೆಗೆ ಕೂರ್ಬೇಕು. ನೀವು ದೇವ್ರನ್ನೇ ನಂಬಲ್ವಂತೆ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದುಬಿಟ್ಟೆ. "ಯಾರ್ರೀ ಹೇಳಿದ್ದು? ನಮ್ಮನೇಲಿ ದಿನಾ ದೀಪ ಹಚ್ಚೋದೇ ಇವಳು. ದೇವರಾಣೆ!"

ನಂಬದವಳನ್ನು ಕಾಪಾಡಲು ನಂಬುವವನು ದೇವರ ಮೇಲೆಯೇ ಸುಳ್ಳಾಣೆ ಇಟ್ಟಿದ್ದ.

ವಸುಧಾ ನನ್ನತ್ತ ನೋಡಲಿಲ್ಲ. "ಇವರು ನನ್ನ ಮೇಲಿನ ಪ್ರೀತಿಗೆ ಹಾಗಂದ್ರು. ನಿಜ ಅಲ್ಲ. ನಾನು ನಂಬಲ್ಲ. ಆದ್ರೆ ನಿಮ್ಮ ಹಬ್ಬ ಚೆನ್ನಾಗಿ ನಡೀಲಿ ಅನ್ನೋ ಆಸೆ ನನಗೂ ಇದೆ. ಲೈಟು, ನೀರು, ಕಸ ನಾನು ನೋಡ್ಕೋತೀನಿ. ಪೂಜೆಗೆ ನಂಬೋರು ಕೂತ್ಕೊಳ್ಳಿ," ಎಂದಳು.

ಯಾರೂ ಬೈಯಲಿಲ್ಲ. ಸುಮ್ಮನೆ ನಾಗರಾಜಯ್ಯನವರನ್ನು ಗೆಲ್ಲಿಸಿದರು.

ಮನೆಗೆ ನಡೆಯುತ್ತ, "ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ," ಎಂದು ಗೊಣಗಿದೆ.

"ಗೊತ್ತು ಕಣ್ರೀ. ಸೋತಿದ್ದಕ್ಕೆ ಬೇಜಾರಿಲ್ಲ. ಮೂವತ್ತು ವರ್ಷ ಆದ್ಮೇಲೂ, ನಾನು ಹೀಗೆ ಅಂತ ನಾಲ್ಕು ಜನರ ಮುಂದೆ ಹೇಳ್ಕೊಳ್ಳೋಕೆ ನಿಮಗೆ ನಾಚಿಕೆ ಆಯ್ತಲ್ಲ, ಅದಕ್ಕೆ," ಎಂದಳು.

ಮರುದಿನ ದೇವರ ಮುಂದೆ ಕೂತಾಗ ಸಹಸ್ರನಾಮ ಅರ್ಧಕ್ಕೇ ನಿಂತಿತು. ಅವಳಿಗೆ ಮಾಡಿದ ಅವಮಾನ ದೊಡ್ಡದೋ, ದೇವರಿಗೆ ಮಾಡಿದ್ದು ದೊಡ್ಡದೋ ತಿಳಿಯಲಿಲ್ಲ.

ಗಣೇಶನ ಹಬ್ಬ ಬಂತು. ನಾಗರಾಜಯ್ಯನವರಿಗೆ ಬೆನ್ನುನೋವು, ದೈವಭಕ್ತನೆಂದು ಮಣೆಯ ಮೇಲೆ ನನ್ನನ್ನೇ ಕೂರಿಸಿದರು. ಪೆಂಡಾಲಿನಾಚೆ ವಸುಧಾ, ಸೋತರೂ ಆಡಿದ ಮಾತಿನಂತೆ, ಗುಂಪನ್ನು ಪಕ್ಕಕ್ಕೆ ಸರಿಸಿ ಆಟೋ ಒಂದಕ್ಕೆ ದಾರಿ ಬಿಡಿಸುತ್ತಿದ್ದಳು. "ಯಜಮಾನ್ರೇ, ಮನೆಯವ್ರನ್ನ ಕರೀರಿ, ಸಂಕಲ್ಪಕ್ಕೆ ಪಕ್ಕದಲ್ಲಿರ್ಬೇಕು," ಎಂದರು ಪುರೋಹಿತರು.

ಕೆಲಸದಲ್ಲಿದ್ದಾಳೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. "ಬರಲ್ಲ ಸ್ವಾಮಿ. ಅವಳಿಗೆ ದೇವರಲ್ಲಿ ನಂಬಿಕೆ ಇಲ್ಲ," ಎಂದೆ. ಎದುರಿಗಿದ್ದ ಮೈಕು ಅದನ್ನು ಬೀದಿಗೆಲ್ಲ ಸಾರಿತು. ವಸುಧಾ ಒಮ್ಮೆ ತಿರುಗಿ ನೋಡಿ, ಮತ್ತೆ ಆಟೋದತ್ತ ಕೈಬೀಸಿದಳು.

ಪುರೋಹಿತರು "ಸಹಕುಟುಂಬಾನಾಂ" ಎಂದು ಅವಳನ್ನೂ ಸೇರಿಸಿಕೊಂಡೇ ಸಂಕಲ್ಪ ಹೇಳಿದರು. ಒಂದು ನಿಜ ಆಡಲು ಮೂವತ್ತು ವರ್ಷ ತಡಮಾಡಿದ ನಾಚಿಕೆಗೆ ನಾನು ತಲೆ ಎತ್ತಲಿಲ್ಲ. ನೋಡಿದವರು ಭಕ್ತಿ ಎಂದುಕೊಂಡರು.