ಕಡತದಲ್ಲಿಲ್ಲದ ಹುಣ್ಣು

ಮನುಷ್ಯನ ದೇಹವೆಂಬುದು ಯಾರೂ ಪೂರ್ತಿ ಓದಿ ಮುಗಿಸಲಾಗದ ಮಹಾಗ್ರಂಥ. ನನ್ನದು ಮಾತ್ರ ಹಾಗಲ್ಲ. ಅದು ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿರುವ ಹನ್ನೆರಡು ಹಾಳೆಯ ಕಡತ. ವಿಚಿತ್ರ ಅನುಭವ ಎಂದು ಬರೆಯುವವರನ್ನೆಲ್ಲ ನಾನು ಬಹುಕಾಲ ಸುಳ್ಳುಬುರುಕರೆಂದೇ ತಿಳಿದಿದ್ದೆ. ಈಗ ಅವರ ಸಾಲಿನಲ್ಲೇ ನಿಲ್ಲಬೇಕಾಗಿದೆ ಎಂಬುದು ನನ್ನ ಮೊದಲ ಸಿಟ್ಟು.

ಮೈಸೂರಿನವನಾದ ನಾನು ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಮೇಲಿನವರ ಆಕ್ಷೇಪಣೆಗಳಿಗೆ ಉತ್ತರ ಬರೆದವನು. ಕಲಿತ ವಿದ್ಯೆ ಒಂದೇ: ಕೇಳಿದ್ದಕ್ಕಷ್ಟೇ ಉತ್ತರ. ಹೋದ ವರ್ಷ ಮೊಣಕಾಲಿನ ಕೆಳಗಿದ್ದ ಹುಣ್ಣು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆನ್ನಿನ ಮೇಲೂ ಅಂಥದೇ ಒಂದಿತ್ತು. ಎಣ್ಣೆ ಹಚ್ಚುವಾಗ ಅದನ್ನು ಕಂಡಿದ್ದ ನನ್ನ ಹೆಂಡತಿ ಸರೋಜ, "ಇದನ್ನೂ ತೋರಿಸಿದ್ರಾ?" ಎಂದಳು. ತೋರಿಸಿದೆ ಎಂದೆ. ತೋರಿಸಿರಲಿಲ್ಲ. ಬೇರೆಲ್ಲಾದರೂ ಇದೆಯೇ ಎಂದು ತಿರುವನಂತಪುರದ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗ, ಕಾಲಿನ ವಿಷಯಕ್ಕೆ ಬಂದಿದ್ದೇನೆ ಎಂದು ಗಂಭೀರವಾಗಿ ಉತ್ತರಿಸಿದ್ದೆ. ಒಂದಕ್ಕೇ ಕ್ಯಾನ್ಸರ್ ಎಂದವರು ಎರಡಕ್ಕೆ ಏನೆನ್ನುವರೋ ಎಂಬ ಹೆದರಿಕೆ, ಅಷ್ಟೆ.

ಚಿಕಿತ್ಸೆಯ ದಿನ ಕಾಲಿಗೆ ಮುಲಾಮು ಹಚ್ಚಿ ಮೂರು ಗಂಟೆ ಕಟ್ಟಿಟ್ಟರು. ಆ ಮದ್ದು ತಾನಾಗಿ ಏನೂ ಮಾಡದು; ಕೆಂಪು ಬೆಳಕು ಬಿದ್ದಾಗ ಮಾತ್ರ ಎಚ್ಚೆತ್ತು ಕೆಟ್ಟ ಜೀವಕೋಶಗಳನ್ನು ಕೊಲ್ಲುತ್ತದೆ. ಅಂಗಾತ ಮಲಗಿದೆ, ದೀಪ ಹತ್ತಿತು. ಕಾಲು ಉರಿಯಿತು, ಅದು ನಿಯಮದ ಪ್ರಕಾರ. ಮರುಕ್ಷಣ ಬೆನ್ನಿನ ಮೇಲೆ, ಸರಿಯಾಗಿ ಆ ಜಾಗದಲ್ಲೇ, ಕೆಂಡ ಇಟ್ಟಂತಾಯಿತು. ಅಲ್ಲಿ ಮುಲಾಮಿಲ್ಲ, ಬೆಳಕಿಲ್ಲ. ಶರ್ಟು, ಅದರಡಿ ಹಾಸಿಗೆ. "ಅನಂಗಲ್ಲೇ ಸಾರ್!" ಅಲುಗಬೇಡಿ ಎಂದು ಡಾಕ್ಟರಮ್ಮ ಮಲಯಾಳದಲ್ಲಿ ಗದರಿದರು. ದೀಪ ಆರಿದೊಡನೆ ಬೆನ್ನಿನ ಉರಿ ನಿಂತಿತು. ಕಾಲಿನದು ಸಂಜೆಯವರೆಗೂ ಇತ್ತು.

ಎರಡು ತಿಂಗಳಲ್ಲಿ ಕಾಲಿನ ಹುಣ್ಣು ಮಾಯಿತು. ಒಂದು ದಿನ ಕೊಚ್ಚಿಯ ಎಡಪ್ಪಳ್ಳಿಯ ನಮ್ಮ ಮನೆಯಲ್ಲಿ ಎಣ್ಣೆ ಹಚ್ಚುತ್ತಿದ್ದ ಸರೋಜಳ ಕೈ ನಿಂತಿತು: ಬೆನ್ನಿನದೂ ಇರಲಿಲ್ಲ. ಮುಂದಿನ ತಪಾಸಣೆಗೆ ಜೊತೆಗೆ ಬಂದು, ಎರಡನ್ನೂ ವಾಸಿ ಮಾಡಿದಿರೆಂದು ಮಲಯಾಳದಲ್ಲೇ ಹೇಳಿ ಡಾಕ್ಟರಮ್ಮನಿಗೆ ಕೈಮುಗಿದಳು. "ಎರಡನೆಯದು ಯಾವುದು?" ಎಂದರು ಅವರು.

"ಬೆನ್ನು ಯಾವ ಇಲಾಖೆಗೆ ಸೇರತ್ತೇರೀ?" ಎಂದು ಸರೋಜ ಅಲ್ಲೇ ನನ್ನತ್ತ ತಿರುಗಿದಳು. "ನೀವು ಸತ್ತಿದ್ರೆ ಅದಕ್ಕೆ ಉತ್ತರ ಯಾರು ಬರೀತಿದ್ರು? ನಾನಾ?" ಕನ್ನಡ ಬಾರದ ಡಾಕ್ಟರಮ್ಮನಿಗೂ ಅದು ಪೂರ್ತಿ ಅರ್ಥವಾಯಿತು.

ಅವರ ಸಿಟ್ಟು ಇಂಗ್ಲಿಷಿನದು, ತಣ್ಣಗಿನದು. ಬೆಳಕಿಗೆ ಸತ್ತ ಜೀವಕೋಶಗಳು ಮೈಯ ರೋಗನಿರೋಧಕ ಪಡೆಗೆ ಶತ್ರುವಿನ ಗುರುತು ಕೊಡಬಹುದು, ಪಡೆ ಬೇರೆಡೆಯೂ ಹುಡುಕಿ ಹೋಗಬಹುದು, ಆದರೆ ಅದು ಅಪರೂಪ ಎಂದರು. ಅದಕ್ಕೂ ದಿನಗಳು, ವಾರಗಳು ಬೇಕಂತೆ. ದೀಪ ಹತ್ತಿದ ಕ್ಷಣವೇ ಬೆನ್ನೂ ಉರಿದಿತ್ತೆಂದು ಆಗ ಹೇಳಿದೆ; ಅಷ್ಟು ಬೇಗ ಅದು ಸಾಧ್ಯವೇ ಇಲ್ಲ ಎಂದರು. ತೋರಿಸಿದ್ದರೆ ಪರೀಕ್ಷಿಸುತ್ತಿದ್ದೆ, ಈಗ ಅದು ಕ್ಯಾನ್ಸರ್ ಆಗಿತ್ತೇ ಎಂಬುದನ್ನೂ ಹೇಳಲಾರೆ ಎಂದು ಕಡತ ಮುಚ್ಚಿದರು.

ಆ ಉರಿಗೆ ಇದ್ದ ಒಬ್ಬನೇ ಸಾಕ್ಷಿ ನಾನು, ಸುಳ್ಳು ಹೇಳಿ ಸಿಕ್ಕಿಬಿದ್ದವನೂ ನಾನೇ. ಇದನ್ನು ನೆನೆದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ. ಸರೋಜ ಈಗ ಪ್ರತಿ ತಪಾಸಣೆಗೂ ಜೊತೆಗೆ ಬಂದು, ನನ್ನ ಬದಲು ತಾನೇ ಉತ್ತರ ಹೇಳುತ್ತಾಳೆ.

ಬೆನ್ನಿನ ಮೇಲೆ ಏನೂ ಇಲ್ಲ. ಕಡತದಲ್ಲಿ ಹುಣ್ಣುಗಳ ಸಂಖ್ಯೆ ಒಂದು.