ಗಾರ್ಡಿನ ಪುಸ್ತಕ ಓದಿ ಹೇಳಿದ ಅಕ್ಕ

ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಮೊನ್ನೆ ಬೆಳಿಗ್ಗೆ, ಮೂಡಬಿದ್ರಿಯ ಆಸ್ಪತ್ರೆಯಲ್ಲಿ, ಮದುವೆಯಾಗಿ ಆರು ವರ್ಷದ ಮೇಲೆ. ತಲೆ ತುಂಬ ಕೂದಲು. ಮುಷ್ಟಿ ಎಷ್ಟು ಗಟ್ಟಿ ಎಂದರೆ ಬಿಡಿಸಲಿಕ್ಕೆ ಬರುವುದಿಲ್ಲ. ನಾನು ಅಜ್ಜಿಯಾದೆ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ, ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು, ಆಯ್ತು ಅಜ್ಜಿ, ಸ್ವಲ್ಪ ಮುಂದೆ ಹೋಗಿ ಅಂದ.

ಮೊದಲು ಹೇಳಬೇಕಾದವರಿಗೆ ಮಾತ್ರ ಹೇಳಲಿಕ್ಕೆ ಆಗಲಿಲ್ಲ. ನಮ್ಮ ನೆರೆಮನೆಯ ಓದುವ ಅಕ್ಕ ಕಳೆದ ಮಳೆಗಾಲಕ್ಕೆ ಮೊದಲೇ ತೀರಿಹೋದರು. ನನ್ನ ಮಗಳು ಇವತ್ತು ನಗುತ್ತಾ ಮಗುವಿಗೆ ಹಾಲು ಕೊಡುತ್ತಿದ್ದರೆ ಅದಕ್ಕೆ ಅವರು ಕಾರಣ. ಅಂಥವರನ್ನು ನಮ್ಮ ಊರು ಹತ್ತು ವರ್ಷ ಮನೆಮುರುಕಿ ಎಂದು ಕರೆಯಿತು. ಹಾಗೆ ಕರೆಯುವಾಗ ನಾನು ಬಾಯಿ ಮುಚ್ಚಿ ಕೂತಿದ್ದೆ. ಸಂತೋಷದ ಹೊತ್ತಿನಲ್ಲಿ ಇವಳಿಗೆ ಸಿಟ್ಟು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಮಗುವಿನ ಮುಖ ನೋಡಿದಷ್ಟೂ ನನಗೆ ಸಿಟ್ಟು ಬರುತ್ತದೆ. ನಾನು ಕಲಿತದ್ದು ಮೂರನೇ ಕ್ಲಾಸು. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವುದಿಲ್ಲ.

ಅಕ್ಕನ ಬಲಗೈಯ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದಿತ್ತು, ಹೊಗೆಸೊಪ್ಪಿನಿಂದ ಹಳದಿಯಾಗಿತ್ತು. ಬೀಡಿಯ ಬಾಯಿ ಮಡಚಲಿಕ್ಕೆ ನಾವೆಲ್ಲ ಅಂಥ ಉಗುರು ಬಿಡುತ್ತಿದ್ದೆವು. ಅವರು ಅದೇ ಉಗುರನ್ನು ಪುಸ್ತಕದ ಸಾಲಿನ ಕೆಳಗೆ ಎಳೆಯುತ್ತಾ ಓದುತ್ತಿದ್ದರು. ಗುರುವಾಯನಕೆರೆ ಪೇಟೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ಅಕ್ಕ ಓದಿ ಹಿಂದೆ ಕೊಟ್ಟ ಪುಸ್ತಕದ ಪ್ರತಿ ಸಾಲಿನ ಕೆಳಗೂ ತೆಳ್ಳಗೆ ಒಂದು ಹಳದಿ ಗೀಟು. ಅಂಗಡಿಯವನು ಗೊಣಗುತ್ತಿದ್ದ. ನಾನು ಓದಿದ್ದೇನೆ ಅಂತ ರುಜು ಹಾಕಿದ್ದು, ಇರಲಿ ಬಿಡಿ ಎಂದು ಅಕ್ಕ ಇನ್ನೊಂದು ಪುಸ್ತಕ ತೆಗೆದುಕೊಂಡು ಬರುತ್ತಿದ್ದರು.

ಅವರು ಏಳನೆಯವರೆಗೆ ಕಲಿತಿದ್ದರು. ಮದುವೆಯಾಗಿ ಒಂದೇ ವರ್ಷಕ್ಕೆ ತಾಯಿಮನೆಗೆ ಬಂದವರು ಮತ್ತೆ ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾವು ಆರೇಳು ಹೆಂಗಸರು ಎಲೆ, ಹೊಗೆಸೊಪ್ಪು, ಕತ್ತರಿ ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು ಅವರ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದೆವು. ಅವರು ಓದುವುದು, ನಾವು ಸುತ್ತುವುದು. ಓದುವವರ ಕೈ ನಿಂತಿರುತ್ತದೆಯಲ್ಲ, ಅದಕ್ಕಾಗಿ ಏಳುವಾಗ ಒಬ್ಬೊಬ್ಬರೂ ಒಂದೊಂದು ಕಟ್ಟು ಬೀಡಿ ಅವರ ತಡ್ಪೆಗೆ ಹಾಕುವ ಕ್ರಮವಿತ್ತು.

ಒಂದು ಅಧ್ಯಾಯ ಮುಗಿದರೆ ಅವರು ಪುಟ ಮಗುಚುತ್ತಿರಲಿಲ್ಲ. ಇವಳು ಮಾಡಿದ್ದು ಸರಿಯೋ ತಪ್ಪೋ ಎಂದು ಒಬ್ಬೊಬ್ಬರನ್ನೇ ಕೇಳುವುದು. ನಾವು ಸುಮ್ಮನಿದ್ದರೆ, "ಸುತ್ತುವುದು ಕೈ ಅಲ್ವಾ, ಬಾಯಿಗೆ ಎಂತ ಕೆಲಸ ಉಂಟು? ಹೇಳು," ಎನ್ನುತ್ತಿದ್ದರು. ಪುಸ್ತಕ ಪೂರ್ತಿ ಮುಗಿದ ದಿನ ಕೊನೆಯ ಖಾಲಿ ಹಾಳೆಯಲ್ಲಿ ಎಲ್ಲರ ಅಭಿಪ್ರಾಯ ಬರೆಯುತ್ತಿದ್ದರು. ನಾವು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಕೆಳಗೆ ಯಾವ ಮನೆಯವಳು ಎಂದು ಹಾಕುವುದು. ಹೆಂಗಸರ ಮಾತಿಗೆ ವಿಳಾಸ ಇರಬೇಕು ಎಂದು ಅವರ ಹಟ. ಪೇಟೆಯಲ್ಲಿ ಕೆಲವರು ಕಥೆ ಓದದೆ ಆ ಹಾಳೆಯನ್ನು ಮಾತ್ರ ಓದಿ ಪುಸ್ತಕ ಇಡುತ್ತಿದ್ದರಂತೆ.

ಹಾಗೆ ಬಂದದ್ದು ಗಾರ್ಡಿನ ಪುಸ್ತಕ. ಅದರ ಹೆಸರು ಬೇರೆ ಏನೋ ಇತ್ತು, ನಾವು ಕರೆದದ್ದು ಹಾಗೆ. ದೊಡ್ಡ ಶ್ರೀಮಂತನೊಬ್ಬನ ಒಬ್ಬಳೇ ಮಗಳು. ಅವಳನ್ನು ಕೊಲ್ಲುತ್ತೇವೆಂದು ಬೆದರಿಕೆ ಪತ್ರ ಬರುತ್ತದೆ. ಅಪ್ಪ ಅಂಗರಕ್ಷಕನನ್ನು ಇಡುತ್ತಾನೆ. ಅವನು ಆರಡಿ, ನಗುವುದೇ ಇಲ್ಲ. ಅವಳು ಹೋದಲ್ಲೆಲ್ಲ ಹಿಂದೆಯೇ, ಮಳೆ ಬಂದರೂ ಹೊರಗೆ ನಿಂತು ಕಾಯುವುದು. ಅವಳಿಗೆ ಬಂದ ಕಾಗದ ಒಡೆದು ಓದುತ್ತಾನೆ. ಗೆಳತಿಯರನ್ನು ಗೇಟಿನಿಂದಲೇ ಕಳಿಸುತ್ತಾನೆ. ಒಂದು ದಿನ ಅವಳು ಹೇಳದೆ ಗೆಳತಿಯ ಮದುವೆಗೆ ಹೋದದ್ದಕ್ಕೆ ಕೆನ್ನೆಗೆ ಹೊಡೆದು, ಮೂರು ದಿನ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅವಳು ಅತ್ತು ಅತ್ತು, ಕೊನೆಗೆ ಇದೇ ಪ್ರೀತಿ ಎಂದು ತಿಳಿದುಕೊಳ್ಳುತ್ತಾಳೆ. ಮದುವೆ. ಮುಗಿಯಿತು.

ಆ ಪುಸ್ತಕದಷ್ಟು ಜಗಳ ಬೇರೆ ಯಾವುದಕ್ಕೂ ಆಗಲಿಲ್ಲ. ದಿನಾ ಬಾಗಿಲಲ್ಲೇ ನಿಂತಿರುವ ಗಂಡಸು ಯಾವಾಗ ಸ್ನಾನ ಮಾಡುತ್ತಾನೆ, ಅದನ್ನು ಯಾಕೆ ಬರೆಯಲಿಲ್ಲ ಎಂದು ನಮ್ಮಲ್ಲಿ ಎಲ್ಲರಿಗಿಂತ ಹಿರಿಯವಳು ಕೇಳಿದಳು. ಕೂಡಿಹಾಕಿದ ಮೂರು ದಿನ ಹುಡುಗಿಗೆ ಊಟ ಕೊಟ್ಟದ್ದು ಯಾರು ಎಂದು ಇನ್ನೊಬ್ಬಳು. ಕೆಳಗಿನ ಬ್ಯಾರಿ ಮನೆಯ ಹೆಂಗಸಿನ ಗಂಡ ದುಬಾಯಿಯಲ್ಲಿ ಒಂದು ಬಂಗಲೆಯ ಗೇಟು ಕಾಯುವವನು. ಅವಳು ನೂಲು ಕಚ್ಚಿ ತುಂಡು ಮಾಡಿ, "ನಮ್ಮವರು ಹನ್ನೊಂದು ವರ್ಷದಿಂದ ಗಾರ್ಡು. ಧಣಿಯ ಮಗಳ ಮುಖ ಕಂಡದ್ದಿಲ್ಲ. ಕಂಡದ್ದು ಸೊಂಟ ನೋವು ಮಾತ್ರ. ಇದನ್ನು ಬರೀರಿ ಅಕ್ಕ," ಅಂದಳು. ಅಕ್ಕ ಬರೆದರು.

ನನಗೆ ಅವಳ ಮೇಲೆ ಕೋಪ ಬಂತು. ನಾನು ಆ ಗಾರ್ಡಿಗೆ ಮರುಳಾಗಿದ್ದೆ. ನನ್ನ ಯಜಮಾನರು ನಾನು ಬಸ್ಸಿಗೆ ಕಾದು ಕತ್ತಲಾದರೂ ಎಲ್ಲಿದ್ದಿ ಎಂದು ಕೇಳುವವರಲ್ಲ. ಒಬ್ಬಳಿಗಾಗಿ ಮಳೆಯಲ್ಲಿ ನಿಲ್ಲುವ ಗಂಡಸು ಎಂದರೆ ನನಗೆ ಅದು ದೊಡ್ಡದಾಗಿ ಕಂಡಿತು. ನನ್ನ ಸರದಿ ಬಂದಾಗ ಹೇಳಿದೆ: ಇವನು ಬಂಗಾರದಂಥ ಗಂಡಸು, ಹೊಡೆದದ್ದು ಪ್ರೀತಿಗೆ, ನನಗೆ ಇಂಥ ಅಳಿಯ ಸಿಕ್ಕಿದರೆ ಮಗಳನ್ನು ಕಣ್ಣು ಮುಚ್ಚಿ ಕೊಡುತ್ತೇನೆ.

ಅಕ್ಕ ಪೆನ್ಸಿಲು ಎತ್ತಿ ನನ್ನ ಮುಖ ನೋಡಿದರು. "ಹೀಗೇ ಬರೀಬೇಕಾ?"

ಹೀಗೇ ಬರೆಯಿರಿ ಅಂದೆ. ಅವರು ಒಂದಕ್ಷರ ಬದಲಿಸದೆ ಬರೆದು, ಕೆಳಗೆ ನಮ್ಮ ಮನೆಯ ಹೆಸರು ಹಾಕಿದರು.

ಎರಡು ತಿಂಗಳಾಗಿರಬಹುದು. ನಾರಾವಿ ಕಡೆಗೆ ಬಾಡಿಗೆ ಜೀಪು ಓಡಿಸುವ ಒಬ್ಬ ತನ್ನ ಸೋದರಮಾವನನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಪುಸ್ತಕದ ಹಿಂದಿನ ಹಾಳೆಯನ್ನು ಅಂಗಡಿಯಲ್ಲಿ ಓದಿದನಂತೆ. ನೀವು ಹೇಳಿದಂಥ ಅಳಿಯ ನಾನೇ ಎಂದು ನಗುತ್ತಾ ಹೇಳಿದ. ನಮಗೆಲ್ಲ ನಗುವೋ ನಗು. ಸ್ವಂತ ಜೀಪು, ಕುಡಿಯುವ ಅಭ್ಯಾಸವಿಲ್ಲ, ನಮ್ಮದೇ ಜಾತಿ. ಯಜಮಾನರಂತೂ ಅವನ ಭುಜ ತಟ್ಟಿದ್ದೇ ತಟ್ಟಿದ್ದು. ಮಗಳಿಗೆ ಆಗ ಹತ್ತೊಂಬತ್ತು, ಬೆಳ್ತಂಗಡಿಗೆ ಹೊಲಿಗೆ ಕಲಿಯಲಿಕ್ಕೆ ಹೋಗುತ್ತಿದ್ದಳು. ಅವಳನ್ನು ಒಂದು ಮಾತು ಕೇಳಿದೆವೋ ಇಲ್ಲವೋ, ನನಗೆ ನೆನಪಿಲ್ಲ. ನೆನಪಿಲ್ಲ ಎಂದರೆ ಕೇಳಲಿಲ್ಲ ಎಂದೇ ಅರ್ಥ.

ಮಾತುಕತೆಯಾದ ಮರುದಿನದಿಂದಲೇ ಅವನ ಕಾವಲು ಶುರುವಾಯಿತು. ಅವಳು ಹತ್ತಿದ ಬಸ್ಸಿನ ಹಿಂದೆಯೇ ಜೀಪು. ಇವಳ ಪಕ್ಕ ಗಂಡಸರನ್ನು ಕೂರಿಸಬಾರದು ಎಂದು ಕಂಡಕ್ಟರನಿಗೆ ತಾಕೀತು. ಹೊಲಿಗೆ ಟೀಚರಿಗೆ, ನಾಲ್ಕು ಗಂಟೆಗೆ ಸರಿಯಾಗಿ ಬಿಡಬೇಕು ಎಂದು ತಾಕೀತು. ಶಾಲೆಯ ಗೆಳತಿ ಬರೆದ ಕಾಗದವನ್ನು ಅಂಚೆಯವನ ಕೈಯಿಂದ ಇಸಿದುಕೊಂಡು ಒಡೆದೇ ತಂದುಕೊಟ್ಟ. ಊರೆಲ್ಲ ಎಂಥ ಕಾಳಜಿ, ಎಂಥ ಕಾಳಜಿ ಎಂದಿತು. ನನ್ನ ಎದೆ ಉಬ್ಬಿತು.

ಮಗಳು ಊಟ ಕಡಿಮೆ ಮಾಡಿದಳು. ಒಂದು ದಿನ ಪಾತ್ರೆ ತೊಳೆಯುವಾಗ ಹತ್ತಿರ ಬಂದು, "ಅಮ್ಮ, ನನಗೆ ಹೆದರಿಕೆ ಆಗ್ತದೆ," ಅಂದಳು. ಕಾಯುವವನೊಬ್ಬ ಇದ್ದಾನೆ ಎಂದು ಸಂತೋಷಪಡುವುದು ಬಿಟ್ಟು ಹೆದರಿಕೆಯಂತೆ ಎಂದು ನಾನು ಗದರಿದೆ. ಹೆತ್ತವಳು ಹೇಳುವ ಮಾತಾ ಅದು? ಇವತ್ತಿಗೂ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಒಂದು ಆದಿತ್ಯವಾರ ಮಗಳು ಮೂಡಬಿದ್ರಿಯಲ್ಲಿ ಗೆಳತಿಯ ಮದುವೆಗೆಂದು ಹೊರಟಳು. ನಾನೇ ಕಳಿಸಿದ್ದು. ಅರ್ಧ ಗಂಟೆಯಲ್ಲಿ ಜೀಪು ಅಂಗಳಕ್ಕೆ ಬಂತು. ಗುರುವಾಯನಕೆರೆಯಲ್ಲಿ ಹೊರಟು ನಿಂತ ಬಸ್ಸಿನಿಂದ, ಅಷ್ಟು ಜನರೆದುರು ಕೈ ಹಿಡಿದು ಎಳೆದು ಇಳಿಸಿದ್ದ. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ. ಕೆನ್ನೆ ಕೆಂಪು. ಅವನು ಬೆವರು ಒರೆಸಿಕೊಂಡು, "ಮಾಮೀ, ನಿಮ್ಮ ಮಗಳನ್ನು ಜೋಪಾನವಾಗಿ ತಂದಿದ್ದೇನೆ. ಇನ್ನು ನನಗೆ ಹೇಳದೆ ಕಳಿಸಬೇಡಿ," ಅಂದ.

ನಾನು ಎಂತ ಮಾಡಿದೆ ಗೊತ್ತುಂಟಾ? ಅವನಿಗೆ ಚಹಾ ಮಾಡಿ ಕೊಟ್ಟೆ.

ಮರುದಿನ ಮಧ್ಯಾಹ್ನ ಜಗಲಿಯಲ್ಲಿ ಎಲ್ಲರೂ ಸೇರಿದಾಗ ಅಕ್ಕನ ಕೈಯಲ್ಲಿ ಹೊಸ ಪುಸ್ತಕವಿರಲಿಲ್ಲ. ಬೆಳಿಗ್ಗೆಯೇ ಪೇಟೆಗೆ ಹೋಗಿ ಗಾರ್ಡಿನ ಪುಸ್ತಕವನ್ನು ಮತ್ತೆ ತಂದಿದ್ದರು. ಮದುವೆಗೆ ಹೋದ ಹುಡುಗಿಯನ್ನು ಹೊಡೆಯುವ ಅಧ್ಯಾಯ ತೆಗೆದು ಓದಲಿಕ್ಕೆ ಶುರು ಮಾಡಿದರು. ಸಾಲುಗಳೆಲ್ಲ ಅವೇ. ಆದರೆ ಗಾರ್ಡಿನ ಹೆಸರು ಬಂದಲ್ಲಿ ಜೀಪಿನವನ ಹೆಸರು, ಹುಡುಗಿಯ ಹೆಸರು ಬಂದಲ್ಲಿ ನನ್ನ ಮಗಳ ಹೆಸರು. ಅವನು ಅವಳ ಕೆನ್ನೆಗೆ ಬಾರಿಸಿದನು. ಅವಳು ಗೋಡೆಗೆ ಆತುಕೊಂಡು ಕುಸಿದಳು. ಅವನು ಹೊರಗಿನಿಂದ ಚಿಲಕ ಹಾಕಿದನು. ಅವರು ದನಿ ಏರಿಸಲಿಲ್ಲ. ಯಾವಾಗಲೂ ಓದುವ ಹಾಗೆ ಸಮನಾಗಿ ಓದಿದರು. ಎಲ್ಲರ ಕತ್ತರಿಗಳು ನಿಂತವು. ನನ್ನ ಮಡಿಲಿನ ತಡ್ಪೆ ಜಾರಿ ಹೊಗೆಸೊಪ್ಪು ನೆಲಕ್ಕೆ ಚೆಲ್ಲಿತು.

ಓದಿ ಮುಗಿಸಿ ಕೊನೆಯ ಹಾಳೆ ತೆಗೆದರು. "ಈಗ ಹೇಳು ಮಾರಾಯ್ತಿ, ನಿನ್ನ ಅಭಿಪ್ರಾಯ ಎಂತ?"

ಬೇಡ, ಅಂದೆ.

"ಎಂತ ಬೇಡ? ಸರಿಯಾಗಿ ಹೇಳು. ನಾನು ಬರೆಯುವವಳು ಮಾತ್ರ, ಹೇಳುವವಳು ನೀನು."

"ಈ ಸಂಬಂಧ ಬೇಡ. ನನ್ನ ಮಗಳನ್ನು ಇವನಿಗೆ ಕೊಡುವುದಿಲ್ಲ."

ನನ್ನ ಹಳೆಯ ಅಭಿಪ್ರಾಯದ ಕೆಳಗೆ ಅದನ್ನೂ ಬರೆದರು. ಮನೆಯ ಹೆಸರು ಹಾಕಿದರು. ಉಳಿದವರೆಲ್ಲ ತಲೆ ತಗ್ಗಿಸಿ ಎದ್ದು ಹೋದರು, ಈ ಮಾತನ್ನು ತಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಂಡಸರು ಮಾತು ಕೊಟ್ಟಾದ ಮೇಲೆ ಹೆಂಗಸು ಬೇಡ ಎಂದರೆ ಮನೆಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಯಜಮಾನರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ನಾನು ಚೆಲ್ಲಿದ ಹೊಗೆಸೊಪ್ಪು ಬಾಚುತ್ತಿದ್ದೆ.

ಅಕ್ಕ ಪುಸ್ತಕ ಮುಚ್ಚಿ, ಇದನ್ನು ಇನ್ನು ಅಂಗಡಿಗೆ ಕೊಡುವುದಿಲ್ಲ ಎಂದು ತಮ್ಮ ಪೆಟ್ಟಿಗೆಗೆ ಹಾಕಿ, "ನಾನು ಮುರಿದೆ ಅಂತ ಹೇಳು. ನಿನಗೆ ಸಂಸಾರ ಉಂಟು. ನನಗೆ ಕಳಕೊಳ್ಳಲಿಕ್ಕೆ ಎಂತ ಉಂಟು?" ಅಂದರು. ಆ ಸಂಜೆಯೇ ಜೀಪು ನಿಲ್ಲುವಲ್ಲಿಗೆ ಹೋಗಿ, ಅವನ ಜೊತೆಯವರೆಲ್ಲ ಕೇಳುವ ಹಾಗೆ, ಈ ಮದುವೆ ಆಗುವುದಿಲ್ಲ, ನಾನು ಬಿಡುವುದಿಲ್ಲ ಎಂದು ಹೇಳಿ ಬಂದರು. ಜೊತೆಯವರೆದುರು ಮಾನ ಹೋಯಿತೆಂದು ಮರುದಿನ ಅವನ ಸೋದರಮಾವನೇ ಬಂದು ಸಂಬಂಧ ಬೇಡ ಅಂದ.

ನಾನು ಅಕ್ಕ ಹೇಳಿಕೊಟ್ಟ ಹಾಗೆಯೇ ಹೇಳಿದೆ. ಯಜಮಾನರು ಕೆಂಡವಾಗಿ ಅಂಗಳದಲ್ಲಿ ನಿಂತು, ಗಂಡನ ಬಿಟ್ಟು ಬಂದವಳು, ಮನೆಮುರುಕಿ, ಬೇರೆಯವರ ಮಗಳು ಬಾಳುವುದನ್ನು ನೋಡಲಿಕ್ಕೆ ಆಗದವಳು ಎಂದು ಬೇಲಿಯಾಚೆಗೆ ಕೇಳುವ ಹಾಗೆ ಬೈದರು. ಅಕ್ಕ ಒಳಗಿನಿಂದ ಕೇಳುತ್ತಿದ್ದರು. ಬೈಗುಳ ಪೂರ್ತಿ ಮುಗಿದ ಮೇಲೆಯೇ ಬಾಗಿಲು ಹಾಕಿಕೊಂಡರು.

ಆ ಜಗಲಿ ಖಾಲಿಯಾಯಿತು. ನೆರೆಯ ಗಂಡಸರು ತಮ್ಮ ತಮ್ಮ ಹೆಂಗಸರನ್ನು ತಡೆದರು. ನನ್ನನ್ನು ತಡೆಯಬೇಕೆಂದೇ ಇರಲಿಲ್ಲ, ನಾನೇ ಹೋಗಲಿಲ್ಲ. ಬ್ಯಾರಿ ಮನೆಯವಳೊಬ್ಬಳು ಮಾತ್ರ ಹೋಗುತ್ತಿದ್ದಳು, ಕಟ್ಟು ಬೀಡಿ ಹಾಕಿ ಬರುತ್ತಿದ್ದಳು. ಒಬ್ಬಳಿಗಾಗಿ ಅಕ್ಕ ಅಷ್ಟೇ ದೊಡ್ಡ ದನಿಯಲ್ಲಿ ಓದುತ್ತಿದ್ದರು. ನಾನು ನಮ್ಮ ಹಿತ್ತಿಲಲ್ಲಿ ಪಾತ್ರೆ ಉಜ್ಜುವುದನ್ನು ನಿಧಾನ ಮಾಡಿ ಕೇಳುತ್ತಿದ್ದೆ. ಬೇಲಿಯ ಈಚೆ ನಿಂತು ಕದ್ದು ಕೇಳಿದೆನೇ ಹೊರತು ಆಚೆ ಹೋಗಿ ಕೂರುವ ಧೈರ್ಯ ಬರಲಿಲ್ಲ.

ನನಗಿಲ್ಲದ ಧೈರ್ಯ ಮಗಳಿಗಿತ್ತು. ಸಿದ್ಧಕಟ್ಟೆಯ ಸಂಬಂಧ ಬಂದಾಗ ನಮಗೆ ಹೇಳದೆ ಅಕ್ಕನ ಹತ್ತಿರ ಹೋಗಿದ್ದಳು. "ಹುಡುಗ ಒಳ್ಳೆಯವನಾ ಅಂತ ನನ್ನನ್ನು ಕೇಳಬೇಡ. ನೀನು ಯಾವುದಾದರೂ ಒಂದಕ್ಕೆ ಬೇಡ ಅನ್ನು. ಆಗ ಅವನು ಎಂತ ಮಾಡ್ತಾನೆ ನೋಡು," ಎಂದರಂತೆ. ಮಗಳು ಹುಡುಗನಿಗೆ, ಮದುವೆಯಾದ ಮೇಲೆ ಹೊಲಿಗೆ ಬಿಡುವುದಿಲ್ಲ, ಬಿಡು ಎಂದರೆ ಮದುವೆ ಬೇಡ ಅಂದಳು. ಅವನು, ಹಾಗಾದರೆ ಮಿಷನು ಇಡಲಿಕ್ಕೆ ಕಿಟಕಿಯ ಹತ್ತಿರ ಜಾಗ ಮಾಡುವ ಅಂದನಂತೆ. ಅವನೇ ಈಗ ನನ್ನ ಅಳಿಯ. ಆ ಮದುವೆಗೆ ಅಕ್ಕನನ್ನು ನಾವು ಕರೆಯಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ. ಕರೆಯಲಿಲ್ಲ.

ಹೊಗೆಸೊಪ್ಪಿನ ಧೂಳು ಅವರ ಎದೆಯಲ್ಲಿ ಕೂತು ಕೊನೆಗೆ ದನಿಯೇ ಹೋಯಿತು. ಓದಲಿಕ್ಕಾಗದೆ ಎರಡು ತಿಂಗಳು ಮಲಗಿದ್ದರು. ಒಂದು ದಿನ ಹೋದೆ. ನಾನು ಎಲ್ಲರಿಗೂ ನಿಜ ಹೇಳುತ್ತೇನೆ ಅಕ್ಕ ಎಂದು ಅತ್ತೆ. ಅವರು ಕೈಸನ್ನೆಯಲ್ಲಿ ನೀರು ಕೇಳಿ ಕುಡಿದರು. ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾಲ್ಕು ದಿನಕ್ಕೆ ಹೋದರು. ಹೆಣ ಎತ್ತಲಿಕ್ಕೆ ಹತ್ತು ಜನ ಇರಲಿಲ್ಲ. ಯಜಮಾನರು ಹೋಗಲಿಲ್ಲ. ನಾನು ಅವತ್ತೂ ಬಾಯಿ ಬಿಡಲಿಲ್ಲ.

ಮೊನ್ನೆ ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಇಷ್ಟು ಜನ ಇರಬಾರದು ಎಂದು ನರ್ಸು ಎರಡು ಸಲ ಬೈದು ಹೋದಳು. ಮಗಳಿಗೆ ಮಂಚದ ಮೇಲೆ ಗಂಜಿ, ಬೆಳ್ಳುಳ್ಳಿ ಸಾರು. ನಾವು ನೆಲದಲ್ಲಿ. ಬೀಗಿತ್ತಿ ಸಿದ್ಧಕಟ್ಟೆಯಿಂದ ಕ್ಯಾರಿಯರಿನಲ್ಲಿ ಅನ್ನ, ಬಂಗುಡೆ ಸಾರು ತಂದಿದ್ದರು. ಅಳಿಯ ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದ. ಬೀಗಿತ್ತಿ ಸಂತೋಷದಲ್ಲಿ, ಇವಳು ನಮ್ಮ ಮನೆಗೆ ಬರಬೇಕೆಂದು ಇತ್ತು, ಇಲ್ಲದಿದ್ದರೆ ಮೊದಲಿನ ಸಂಬಂಧವನ್ನು ಯಾವಳೋ ಹೊಟ್ಟೆಕಿಚ್ಚಿಗೆ ಮುರಿಯುತ್ತಿದ್ದಳಾ ಅಂದರು. ಯಜಮಾನರು ಮೀನಿನ ಮುಳ್ಳು ಬಿಡಿಸುತ್ತಾ, ಹೌದು, ಅವಳೊಬ್ಬಳು ಮನೆಮುರುಕಿ ಇದ್ದಳು ಅಂದರು.

ನಾನು ಅನ್ನ ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ.

"ಅದನ್ನು ಮುರಿದದ್ದು ನಾನು. ಬೇಡ ಅಂದದ್ದು ನನ್ನ ಬಾಯಿ. ಆ ಅಕ್ಕ ನನ್ನನ್ನು ಉಳಿಸಲಿಕ್ಕೆ ತಲೆ ಮೇಲೆ ಹಾಕಿಕೊಂಡರು. ಇನ್ನು ಅವರಿಗೆ ಆ ಮಾತು ಹೇಳಿದರೆ ನಾನು ಸುಮ್ಮನಿರುವುದಿಲ್ಲ."

ಮಗಳು ಗಂಜಿಯ ಚಮಚ ಹಿಡಿದುಕೊಂಡು ನನ್ನನ್ನೇ ನೋಡಿದಳು. ಯಜಮಾನರು ಕೈಯಲ್ಲಿದ್ದ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟು, "ಇಷ್ಟು ವರ್ಷ ಎಂತಕ್ಕೆ ಹೇಳಲಿಲ್ಲ?" ಎಂದು ಕೇಳಿದರು.

"ನೀವು ಕೇಳಲಿಲ್ಲ. ಬೈದಿರಿ."

ಅವರು ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ನಾನು ಅನ್ನ ಹಾಕಿದೆ. ಬೀಗಿತ್ತಿ ಎಲ್ಲರಿಗೂ ಸಾರು ಬಡಿಸಿದರು. ನರ್ಸು ಮೂರನೆಯ ಸಲ ಬಂದು ಬಾಗಿಲಲ್ಲಿ ನಿಂತಾಗಲೂ ನಾವು ಉಣ್ಣುತ್ತಲೇ ಇದ್ದೆವು.