ಕಪ್ಪು-ಬಿಳಿ ಎಂದು ನಾನು ಹೇಳಿದ ಪಟ್ಟಿಗಳು

ಜಮಖಂಡಿಯ ಕಾಲೇಜೊಂದರಲ್ಲಿ ನಾನು ಹನ್ನೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಜೋಡಿ ಸೀಳಿನ ಪ್ರಯೋಗದ ಪಾಠ ಬರುತ್ತದೆ. ಒಂದೇ ಬೆಳಕು ಎರಡು ಸಣ್ಣ ಸೀಳುಗಳಲ್ಲಿ ಹಾಯ್ದು ಮತ್ತೆ ಕೂಡಿದಾಗ ಗೋಡೆಯ ಮೇಲೆ ಬೆಳಕು, ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಬೋರ್ಡಿನ ಮೇಲೆ ಚಿತ್ರ ಬಿಡಿಸುವುದು, ಸೂತ್ರ ಬರೆಸುವುದು, ಮುಗಿಯಿತು. ಕಣ್ಣಾರೆ ನಾನು ಅದನ್ನು ನೋಡಿರಲೇ ಇಲ್ಲ.

ಹೋದ ವರ್ಷ, ಹಿಪ್ಪರಗಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನೀವು ಇದನ್ನ ನೋಡೀರೇನ್ರಿ?"

"ನೋಡೇನಿ," ಎಂದುಬಿಟ್ಟೆ.

"ಪಟ್ಟಿ ಯಾವ ಬಣ್ಣ ಇದ್ದೂರಿ?"

ಕೈಯಲ್ಲಿದ್ದ ಪುಸ್ತಕದ ಚಿತ್ರ ನೋಡಿ, "ಕಪ್ಪು-ಬಿಳಿ," ಎಂದೆ.

"ಕೆಂಪು ಬರಂಗಿಲ್ಲೇನ್ರಿ?"

"ಪುಸ್ತಕದಾಗ ಎಲ್ಲರೆ ಕೆಂಪ ಐತೇನು? ಕೂಡು."

ಕ್ಲಾಸು ನಕ್ಕಿತು. ಅವಳು ಕೂತಳು.

ಆ ಸುಳ್ಳು ನನ್ನನ್ನು ಬಿಡಲಿಲ್ಲ. ರವಿವಾರದ ದಿನ ಪೇಟೆಯಿಂದ ಮಕ್ಕಳಾಡುವ ಲೇಸರ್ ತಂದೆ. ಮಧ್ಯಾಹ್ನ ಕಿಟಕಿಗೆ ಕೌದಿ ಕಟ್ಟಿ, ಗಾಜಿನ ತುಂಡಿಗೆ ದೀಪದ ಮಸಿ ಹಿಡಿಸಿ, ಎರಡು ಬ್ಲೇಡು ಜೋಡಿಸಿ ಗೀರಿದೆ. ಗೋಡೆಯ ಮೇಲೆ ಬರೀ ಮಬ್ಬು ಚುಕ್ಕೆ. ಮತ್ತೆ ಗೀರಿದೆ, ಮಸಿಯೇ ಉದುರಿತು. ಕೊನೆಗೆ ನನ್ನದೇ ಒಂದು ಕೂದಲನ್ನು ಲೇಸರಿನ ಬಾಯಿಗೆ ಅಂಟಿಸಿದೆ, ಬೆಳಕು ಅದರ ಎರಡೂ ಮಗ್ಗುಲಿನಿಂದ ಹಾಯಲಿ ಎಂದು.

ಚುಕ್ಕೆ ಅಡ್ಡಡ್ಡ ಚಾಚಿಕೊಂಡಿತು. ನಡುನಡುವೆ ಕತ್ತಲೆ ಕಡಿದ ತುಣುಕುಗಳು. ಎಲ್ಲವೂ ಲೇಸರಿನ ಬೆಳಕಿನ ಹಾಗೇ ಕೆಂಪು.

ಆ ಹುಡುಗಿ ಇದನ್ನು ಆಗಲೇ ನೋಡಿದ್ದಳು. ಇಲ್ಲದಿದ್ದರೆ ಕೆಂಪೇ ಎಂದು ಯಾಕೆ ಕೇಳುತ್ತಿದ್ದಳು? ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಬಾಗಿಲಲ್ಲಿ ಬಂದು ನಿಂತು, "ಏನಾತವಾ?" ಎಂದರು.

"ಒಂದ್ ಹುಡುಗಿಗೆ ಸುಳ್ಳ ಹೇಳಿಬಿಟ್ಟೇನ್ರಿ ಅತ್ತಿ."

"ಹಂಗಾದ್ರ ಹೋಗಿ ಖರೆ ಹೇಳು. ಅದಕ್ಯಾಕ ಅಳಾಕತ್ತಿ?"

ಸೋಮವಾರ ಇಡೀ ಕ್ಲಾಸಿನ ಮುಂದೆ ಹೇಳಿದೆ: "ನಾ ನೋಡಿರ್ಲಿಲ್ಲ. ನಿನ್ನೆ ನೋಡೇನಿ. ಕೆಂಪನ ಇದ್ದೂ." ಯಾರೂ ನಗಲಿಲ್ಲ. ಪಾಠ ಮುಗಿದ ಮೇಲೆ ಅವಳನ್ನು ಕರೆದೆ.

"ನೀ ಇದನ್ನ ಮನ್ಯಾಗ ಮಾಡಿ ನೋಡಿದ್ದೇನು?"

"ಮಾಡಿದ್ನಿರಿ. ಅಪ್ಪಗ ಕರದು ತೋರಿಸಿದ್ದೆ. ನೀವು ಕಪ್ಪು-ಬಿಳಿ ಅಂದಮ್ಯಾಲೆ, ನಂದು ತಪ್ಪೈತಿ ಅಂತ ಅವ್ರಿಗೆ ಹೇಳಿ, ಎಲ್ಲಾ ಬಿಚ್ಚಿ ಒಗದ್ನಿರಿ."

"ನಿಂದನ ಖರೆ ಇತ್ತವಾ. ಮತ್ತ ಮಾಡು. ಲೇಸರ್ ನಾ ಕೊಡ್ತೀನಿ."

"ಇರ್ಲಿ ಬಿಡ್ರಿ ಮೇಡಂ. ಬಸ್ಸಿಗೆ ಹೊತ್ತಾತು."

ವರ್ಷ ಮುಗಿಯುವವರೆಗೂ ಅವಳು ಮುಂದಿನ ಬೆಂಚಿನಲ್ಲೇ ಕೂತಳು, ಎಲ್ಲವನ್ನೂ ಬರೆದುಕೊಂಡಳು, ಒಳ್ಳೆಯ ಅಂಕವನ್ನೂ ತೆಗೆದಳು. ಇನ್ನೊಂದು ಪ್ರಶ್ನೆ ಮಾತ್ರ ಕೇಳಲಿಲ್ಲ. ಈ ವರ್ಷದ ಮಕ್ಕಳಿಗೆ ಲೇಸರನ್ನು ಕ್ಲಾಸಿಗೇ ಒಯ್ದು ಗೋಡೆಯ ಮೇಲೆ ತೋರಿಸಿದೆ. ಮಕ್ಕಳು ಹೋ ಎಂದು ಕೂಗಿದರು. ಪಟ್ಟಿ ಯಾವ ಬಣ್ಣ ಎಂದು ನಾನು ಅವರನ್ನೇ ಕೇಳಿದೆ.